ಬೋರ್ಡಿಗೆ ಬೇಕು: ‘ಅವಿಭಾಜ್ಯ’ವೋ ‘ಮೂಲ ಸಂಖ್ಯೆ’ಯೋ?

ಡೊಂಬಿವಲಿ:
ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಡೊಂಬಿವಲಿ ಕನ್ನಡ ಸಂಘದಲ್ಲಿ ಮಕ್ಕಳ ಗಣಿತ ಪ್ರದರ್ಶನ. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆಯೇ ಸಾಲು ಕೇಳಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಪ್ರೈಮ್ ನಂಬರ್ (2, 3, 5, 7ರ ಜಾತಿಯದ್ದು) ಬಗ್ಗೆ. 2ರ ಘಾತ 13,62,79,841, ಅದರಲ್ಲಿ 1 ಕಳೆಯಬೇಕು. ‘ಅತಿ ದೊಡ್ಡ ಅವಿಭಾಜ್ಯ, 4,10,24,320 ಸಂಖ್ಯೆಗಳು’ ಅಂತ ಬರೆದಿಟ್ಟಿದ್ದೆ. ಮಗಳು ಓದಿ, ‘ಅಪ್ಪಾ, ಏಳನ್ನು ಇಬ್ಬರಿಗೆ ಹಂಚಿದರೆ ಮೂರೂವರೆ ಬರುತ್ತಲ್ವಾ? ಭಾಗ ಆಯ್ತಲ್ಲ?’ ಅಂದಳು. ಅವಳ ಮರಾಠಿ ಶಾಲೆಯಲ್ಲಿ ಇದು ‘ಮೂಳ ಸಂಖ್ಯಾ’. ನಾವೂ ‘ಮೂಲ ಸಂಖ್ಯೆ’ ಅನ್ನಬಹುದಾ?

ಪುಣೆ:
ಎರಡೂ ಬೇಡ. ಎರಡೂ ಸಂಸ್ಕೃತದ ಸಾಲ. ‘ಒಡೆಯದ ಎಣಿಕೆ’ ಅನ್ನಿ. ರಾಜಾದಿತ್ಯ 12ನೇ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದ. ನಮಗೇನು ಬಡತನ?

ಮಾಟುಂಗಾ:
ರಾಜಾದಿತ್ಯ ಸಂಸ್ಕೃತ ಪದಗಳನ್ನು ಬಿಟ್ಟು ಬರೆಯಲಿಲ್ಲ ಸ್ವಾಮಿ. ಎಣಿಕೆ ಅಂದರೆ ಎಣಿಸುವ ಕೆಲಸ. ಒಪ್ಪಲಾಗದು.

ಮರಾಠಿ ಪದದಲ್ಲಿ ಒಳ್ಳೆಯ ಅರ್ಥ ಇದೆ, ಅದನ್ನು ಒಪ್ಪುತ್ತೇನೆ. 12ನ್ನು ಬಿಡಿಸಿದರೆ 2, 2, 3. ಅಲ್ಲಿಂದ ಮುಂದೆ ಬಿಡಿಸಲು ಏನೂ ಇಲ್ಲ. ಅದೇ ಬುಡ, ಅದೇ ಮೂಲ. ಆದರೆ ನಮ್ಮ ಮಕ್ಕಳಿಗೆ ‘9ರ ಮೂಲ’ ಅಂದರೆ ವರ್ಗಮೂಲವೇ ನೆನಪಾಗೋದು. ‘ಮೂಳ’ ಅಂತ ಹಾಗೇ ತಂದರೆ ಊರ ಕಡೆಯವರ ಕಿವಿಗೆ ಬೈಗುಳ.

ಪದಕ್ಕಿಂತ ನಿಮ್ಮ ಸಾಲಿನಲ್ಲೇ ಜಾಸ್ತಿ ತಪ್ಪಿದೆ. 4,10,24,320 ಅಂಕಿಗಳು, ಸಂಖ್ಯೆಗಳಲ್ಲ. ಸಂಖ್ಯೆ ಒಂದೇ! ಪುಟಕ್ಕೆ 5,000 ಅಂಕಿ ಅಚ್ಚು ಹಾಕಿದರೂ 8,200 ಪುಟ ದಾಟುತ್ತೆ. ‘ಅತಿ ದೊಡ್ಡ’ ಅನ್ನಲೇಬೇಡಿ. ಇವಕ್ಕೆ ಕೊನೆ ಇಲ್ಲ ಅಂತ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎಂದೋ ಸಾಧಿಸಿದ್ದಾನೆ. ‘ಇದುವರೆಗೆ ಸಿಕ್ಕಿರುವುದರಲ್ಲಿ ದೊಡ್ಡದು’ ಅನ್ನಿ.

ಪುಣೆ:
ಮರಾಠಿಯಲ್ಲೂ ವರ್ಗಮೂಳ ಇದೆ. ಅಲ್ಲಿನ ಮಕ್ಕಳು ಗೊಂದಲಪಡುತ್ತಾರಾ? ಸಾಲ ಸಾಲವೇ.

ಮಾಟುಂಗಾ:
‘ಗಣಿತ’ವನ್ನೂ ಬಿಡಿ ಹಾಗಾದರೆ.

ಡೊಂಬಿವಲಿ:
ಇಬ್ಬರಿಗೂ ಧನ್ಯವಾದ. ಊರಿನ ಪಠ್ಯದಲ್ಲಿರುವ ‘ಅವಿಭಾಜ್ಯ’ವನ್ನೇ ಉಳಿಸಿದೆ, ಊರಿಂದ ಬರುವ ಅಜ್ಜ ಅಜ್ಜಿಯರಿಗೂ ಓದಲು ಬರಬೇಕಲ್ಲ. ಮಗಳ ಪ್ರಶ್ನೆಗೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ‘1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಪೂರ್ಣ ಸಂಖ್ಯೆಯಿಂದಲೂ ಶೇಷ ಉಳಿಯದಂತೆ ಭಾಗ ಹೋಗದು.’ ಅಂಕಿ ಅಂತ ತಿದ್ದಿದ್ದೇನೆ. ಮರಾಠಿ ಹೆಸರನ್ನು ಪಕ್ಕದಲ್ಲಿ ಅವಳೇ ಬರೆಯುತ್ತಾಳಂತೆ.