ಸಹಾಯ ಬೇಕು: ಕಾಂಟೆಸ್ಸಾದ ಇಂಜಿನ್ ಮೂಲದ್ದೋ, ಬದಲಿಸಿದ್ದೋ?

ಸದಸ್ಯರೆಲ್ಲರಿಗೂ ನಮಸ್ಕಾರ. ತಂದೆಯವರು ಬಿಟ್ಟುಹೋದ ಹಿಂದೂಸ್ತಾನ್ ಕಾಂಟೆಸ್ಸಾ ಕಾರನ್ನು ಮೊದಲಿನ ರೂಪಕ್ಕೆ ತರಲು ಹೊರಟು ಗೊಂದಲದಲ್ಲಿ ಸಿಲುಕಿದ್ದೇನೆ. 1984ರಲ್ಲಿ ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಹೊತ್ತು ಬಂದ ಈ ಕಾರಿಗೆ (ಅಷ್ಟು ದೊಡ್ಡ ಒಡಲಿಗೆ ಅದು ಸಾಲುವುದಾದರೂ ಹೇಗೆ!) ಕೆಲವು ವರ್ಷಗಳ ನಂತರ ಜಪಾನಿನ ಇಸುಜು ಸಂಸ್ಥೆಯ 1.8 ಲೀಟರ್ ಇಂಜಿನ್ ಬಂತು. ನಮ್ಮದರಲ್ಲಿರುವುದು ಇಸುಜು, ಆದರೆ ಆರ್‌ಸಿ ಪುಸ್ತಕದಲ್ಲಿ ಇಂಜಿನ್ ವಿವರವಿದ್ದ ಸಾಲು ನೀರು ತಾಗಿ ಅಳಿಸಿದೆ, ಡಿಕ್ಕಿಯ ಮೇಲೆ ಬ್ಯಾಡ್ಜ್ ಇದ್ದ ಜಾಗದಲ್ಲಿ ಅಂಟಿನ ಕಲೆಯಷ್ಟೇ ಉಳಿದಿದೆ. ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದಾಗ ಒಬ್ಬರು ಕಂಪನಿಯದ್ದೇ ಎಂದರು, ಇನ್ನೊಬ್ಬರು ಮೌಂಟಿಂಗ್ (ಇಂಜಿನ್ ಅನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಆಧಾರ) ಬಳಿಯ ವೆಲ್ಡಿಂಗ್ ಗುರುತಿನ ಮೇಲೆ ಬೆರಳಿಟ್ಟು, ಆಮೇಲೆ ಕೂರಿಸಿದ್ದೆಂದರು. 2002ರಲ್ಲೇ ತಯಾರಿಕೆ ನಿಂತ ಕಾರಾದ್ದರಿಂದ ವಿಚಾರಿಸಲು ಡೀಲರೂ ಸಿಗುತ್ತಿಲ್ಲ. ಕಾರ್ಖಾನೆಯಲ್ಲೇ ಇಸುಜು ಅಳವಡಿಸಿದ ಕಾಂಟೆಸ್ಸಾದಲ್ಲಿ ಇಂಜಿನ್ ಮೌಂಟಿಂಗ್ ಬ್ರಾಕೆಟ್ ಹೇಗಿರುತ್ತದೆ, ಅಲ್ಲಿ ವೆಲ್ಡಿಂಗ್ ಇರುವುದು ಸಹಜವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸುವಿರಾ?