ವಯಸ್ಸಾದವರ ದಾರಿಯ ನೆನಪಿಗೆ ಮಿದುಳಿನ ವಿದ್ಯುತ್ ಪ್ರಚೋದನೆ ನೆರವಾಗುತ್ತದೆಯೇ?

ಪ್ರಶ್ನೆ: ‘ಮೂರನೇ ಅಡ್ಡರಸ್ತೆ’

ನನ್ನ ತಂದೆಯವರಿಗೆ ಈಗ 72 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮೂರಿನಲ್ಲಿ ಅಂಚೆ ಹಂಚಿದ ಅವರಿಗೆ ಅಲ್ಲಿನ ಒಂದೊಂದು ಸಂದಿಯೂ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡು ವರ್ಷಗಳ ಹಿಂದೆ ನಮ್ಮೊಡನೆ ಮೈಸೂರಿನ ಹೊಸ ಬಡಾವಣೆಗೆ ಬಂದರು. ಇಲ್ಲಿನ ಅಡ್ಡರಸ್ತೆಗಳು ಮಾತ್ರ ಅವರಿಗೆ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಉದ್ಯಾನದಿಂದ ಹಿಂತಿರುಗುವಾಗ ಎರಡು ಬಾರಿ ಬೇರೆ ತಿರುವಿನಲ್ಲಿ ಹೋಗಿ, ಯಾರನ್ನೋ ಕೇಳಿಕೊಂಡು ಮನೆ ಸೇರಿದರು. ಹಣೆಗೆ ಕಟ್ಟಿಕೊಂಡರೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ನೆನಪನ್ನು ಚುರುಕಾಗಿಸುತ್ತದೆ ಎನ್ನುವ ಪಟ್ಟಿಯೊಂದರ ಜಾಹೀರಾತನ್ನು ಅಂತರ್ಜಾಲದಲ್ಲಿ ನೋಡಿದೆ. ಇದರಲ್ಲಿ ಹುರುಳಿದೆಯೇ? ಹಳೆಯ ದಾರಿ ಉಳಿದು ಹೊಸ ದಾರಿ ಮಾತ್ರ ನಿಲ್ಲದಿರುವುದು ಏಕೆ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ‘ನರವಿಜ್ಞಾನದ ಓದುಗ’

ತಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರ ಅಲ್ಲಿಯೇ ಇದೆ. ಹೊಸ ಜಾಗದ ನಕ್ಷೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಕೆಲಸದಲ್ಲಿ ಮಿದುಳಿನ ಒಳಮಡಿಕೆಯಲ್ಲಿರುವ ಹಿಪೊಕ್ಯಾಂಪಸ್ ಮತ್ತು ಅದಕ್ಕೆ ಅಂಟಿಕೊಂಡ ಎಂಟೊರೈನಲ್ ಕಾರ್ಟೆಕ್ಸ್ ಮುಖ್ಯವಾದವು. ಇವೆರಡರಲ್ಲಿ, ನಾವು ಎಲ್ಲಿದ್ದೇವೆಂದು ಗುರುತಿಸುವ ಸ್ಥಳಕೋಶಗಳನ್ನೂ ಜಾಗವನ್ನು ಜಾಲದಂತೆ ಅಳೆಯುವ ಜಾಲಕೋಶಗಳನ್ನೂ ಗುರುತಿಸಿದ್ದಕ್ಕಾಗಿಯೇ ಜಾನ್ ಓಕೀಫ್ ಮತ್ತು ಮೋಸರ್ ದಂಪತಿಗೆ 2014ರ ನೊಬೆಲ್ ಸಂದಿತು. ಆದರೆ ದಶಕಗಳ ಕಾಲ ನಡೆದಾಡಿ ರೂಢಿಯಾದ ಊರಿನ ನೆನಪು ಹಿಪೊಕ್ಯಾಂಪಸನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇ.ಪಿ. ಎಂಬ ಮೊದಲಕ್ಷರಗಳಿಂದಷ್ಟೇ ಗುರುತಿಸಲಾದ ಅಮೆರಿಕದ ವೃದ್ಧರೊಬ್ಬರ ವಿವರವಿದೆ. ಸೋಂಕಿನಿಂದ ಎರಡೂ ಬದಿಯ ಹಿಪೊಕ್ಯಾಂಪಸ್ ನಾಶವಾಗಿದ್ದರೂ, ಐವತ್ತು ವರ್ಷಗಳ ಹಿಂದೆ ಬಿಟ್ಟುಬಂದ ಊರಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಬಗೆಯನ್ನು ಅವರು ಸರಿಯಾಗಿ ಹೇಳುತ್ತಿದ್ದರು; ಕಾಯಿಲೆಯ ನಂತರ ಹೋಗಿ ನೆಲೆಸಿದ ಬೀದಿಯ ಬಗ್ಗೆ ಏನನ್ನೂ ಹೇಳಲಾರದಾಗಿದ್ದರು. ತಮ್ಮ ತಂದೆಯವರದು ಇಂಥ ಕಾಯಿಲೆಯೆಂದು ನಾನು ಖಂಡಿತ ಹೇಳುತ್ತಿಲ್ಲ. ಎರಡು ಬಗೆಯ ನೆನಪಿನ ಆಸರೆ ಬೇರೆಬೇರೆ ಎಂಬುದಷ್ಟೇ ನನ್ನ ಮಾತು.

ಇನ್ನು ಪಟ್ಟಿಯ ವಿಷಯ. ನೆತ್ತಿಯ ಮೇಲೆ ಒದ್ದೆ ಸ್ಪಂಜಿನ ವಿದ್ಯುದ್ವಾರಗಳನ್ನಿಟ್ಟು ಒಂದೆರಡು ಮಿಲಿಆಂಪಿಯರ್ ವಿದ್ಯುತ್ತನ್ನು ಸುಮಾರು ಇಪ್ಪತ್ತು ನಿಮಿಷ ಹರಿಸುವುದು ಪ್ರಯೋಗಾಲಯಗಳಲ್ಲಿ ಸಾಮಾನ್ಯ ವಿಧಾನ. ಆ ವಿದ್ಯುತ್ತಿನ ಬಹುಪಾಲು ಚರ್ಮ ಮತ್ತು ತಲೆಬುರುಡೆಯಲ್ಲಿಯೇ ಹರಿದುಹೋಗುತ್ತದೆ. ಒಳಮಡಿಕೆಯಲ್ಲಿ ಅಡಗಿ ಕುಳಿತ ಭಾಗವನ್ನು ಮುಟ್ಟುವುದು ಅತ್ಯಲ್ಪ. ಹಣೆಗೆ ಕಟ್ಟುವ ಪಟ್ಟಿ ದಾರಿಯ ನಕ್ಷೆ ಇರುವಲ್ಲಿಗೆ ತಲುಪುತ್ತದೆ ಎನ್ನುವುದು ಹಿತ್ತಲಿಗೆ ನೀರು ಹಾಯಿಸಲು ಅಂಗಳದಲ್ಲಿ ಚಿಮುಕಿಸಿದಂತೆ.

ಮಿದುಳಿನೊಳಕ್ಕೇ ತಂತಿ ಇಳಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಮೂರ್ಛೆರೋಗದ ಮೂಲವನ್ನು ಹುಡುಕಲು ತಂತಿ ಇಳಿಸಿಕೊಂಡಿದ್ದ ಏಳು ರೋಗಿಗಳಿಗೆ ಕ್ಯಾಲಿಫೋರ್ನಿಯಾದ ಸಂಶೋಧಕರು ಕಂಪ್ಯೂಟರಿನಲ್ಲಿ ಟ್ಯಾಕ್ಸಿ ಓಡಿಸುವ ಆಟ ಕೊಟ್ಟರು. ದಾರಿ ಕಲಿಯುವಾಗ ಎಂಟೊರೈನಲ್ ಭಾಗವನ್ನು ಪ್ರಚೋದಿಸಿದರೆ ಅವರು ಗುರಿಯನ್ನು ಬೇಗ ತಲುಪುತ್ತಿದ್ದರು ಎಂದು 2012ರಲ್ಲಿ ವರದಿಯಾಯಿತು. ಆಗ ಎದ್ದ ಸಂಭ್ರಮ ನನಗೆ ಚೆನ್ನಾಗಿ ನೆನಪಿದೆ. 2016ರಲ್ಲಿ 49 ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಎಂಟೊರೈನಲ್ ಭಾಗ ಮತ್ತು ಹಿಪೊಕ್ಯಾಂಪಸ್ ಇವುಗಳ ಪ್ರಚೋದನೆಯಿಂದ ನೆನಪು ಕುಂದಿತು. ಎಲ್ಲಿ, ಯಾವಾಗ, ಎಷ್ಟು ಎಂಬುದರ ಮೇಲೆ ಫಲವೇ ತಲೆಕೆಳಗಾಗಬಹುದಾದ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 2: ‘ಬೆಳವಾಡಿ ಬಯಲು’

ಮೇಲಿನವರು ತುಸು ಹೆಚ್ಚೇ ನಿರಾಶೆಗೊಳಿಸಿದರು ಎನ್ನಿಸಿತು. ಬಾಸ್ಟನ್ ವಿಶ್ವವಿದ್ಯಾಲಯದವರು 65ರಿಂದ 88 ವರ್ಷದ ಹಿರಿಯರಿಗೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ನಾಲ್ಕು ದಿನ ಹೊರಗಿನಿಂದಲೇ ವಿದ್ಯುತ್ ಕೊಟ್ಟಾಗ ನೆನಪು ಸುಧಾರಿಸಿ, ಅದು ಒಂದು ತಿಂಗಳು ಉಳಿಯಿತು ಎಂದು 2022ರಲ್ಲಿ ಪ್ರಕಟಿಸಿದರಲ್ಲವೇ?

ಉತ್ತರ 3: ‘ನರವಿಜ್ಞಾನದ ಓದುಗ’

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆದರೆ ಅಲ್ಲಿ ಪರೀಕ್ಷಿಸಿದ್ದು ಪದಗಳ ಪಟ್ಟಿಯ ನೆನಪನ್ನು, ದಾರಿಯದನ್ನಲ್ಲ. ಪ್ರಚೋದಿಸಿದ್ದೂ ಮಿದುಳಿನ ಮೇಲ್ಪದರದ ಭಾಗಗಳನ್ನು. ದಾರಿಯ ನೆನಪಿನ ಮಟ್ಟಿಗೆ ನನಗೆ ನಿಜವಾದ ಆಸೆ ಹುಟ್ಟಿಸಿರುವುದು ಬೇರೊಂದು ವಿಧಾನ. 2000 ಮತ್ತು 2005 ಹರ್ಟ್ಸ್‌ನಂತಹ ಎರಡು ವೇಗದ ವಿದ್ಯುತ್ ಅಲೆಗಳನ್ನು ತಲೆಯ ಎರಡು ಕಡೆಯಿಂದ ಹರಿಸುತ್ತಾರೆ. ಅಂದರೆ ಸೆಕೆಂಡಿಗೆ ಅಷ್ಟು ಬಾರಿ ಏರಿಳಿಯುವ ಅಲೆಗಳು; ಅಷ್ಟು ವೇಗಕ್ಕೆ ನರಕೋಶಗಳು ಸ್ಪಂದಿಸವು. ಅವು ಒಳಗೆ ಸಂಧಿಸುವಲ್ಲಿ ಮಾತ್ರ ಐದು ಹರ್ಟ್ಸ್‌ನ ನಿಧಾನವಾದ ಏರಿಳಿತ ಮೂಡುತ್ತದೆ. ಎರಡು ತಂಬೂರಿಗಳ ಶ್ರುತಿ ಕೂದಲೆಳೆಯಷ್ಟು ಬೇರೆಯಾದಾಗ ಕೇಳುವ ಅಲುಗಾಟವನ್ನು ನೆನೆಸಿಕೊಳ್ಳಿ. ಸ್ವಿಟ್ಜರ್ಲೆಂಡಿನ ಸಂಶೋಧಕರು ಇದನ್ನು ಕೃತಕ ದೃಶ್ಯಲೋಕದಲ್ಲಿ ದಾರಿ ಹುಡುಕುವವರ ಮೇಲೆ ಪ್ರಯೋಗಿಸಿ, ನೆನಪಿಟ್ಟುಕೊಂಡ ಜಾಗದತ್ತ ಅವರು ಬೇಗ ಹೊರಟರೆಂದು 2024ರಲ್ಲಿ ಬರೆದರು. ಅವರೆಲ್ಲ ಆರೋಗ್ಯವಂತರು, ಪ್ರಶ್ನೆ ಕೇಳಿದವರ ತಂದೆಯವರ ವಯಸ್ಸಿನವರಿಗೂ ಇದು ಅನ್ವಯಿಸುತ್ತದೆ ಎಂದುಕೊಳ್ಳಲು ಇಷ್ಟು ಸಾಲದು.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಅಲ್ಜೈಮರ್ ಕಾಯಿಲೆ ಮೊದಲು ತಟ್ಟುವ ಭಾಗಗಳಲ್ಲಿ ಎಂಟೊರೈನಲ್ ಕಾರ್ಟೆಕ್ಸ್ ಸಹ ಒಂದು. ಆದುದರಿಂದ ಪಟ್ಟಿಗಿಂತ ಮೊದಲು ನರರೋಗ ತಜ್ಞರನ್ನು ಕಾಣಿರಿ. ಬಿ12 ಕೊರತೆ, ಥೈರಾಯ್ಡ್, ಕಣ್ಣಿನ ಪೊರೆ, ನಿದ್ರೆಯ ಮಾತ್ರೆ ಇವುಗಳಿಂದಲೂ ಇಂಥ ಗೊಂದಲ ಬರಬಹುದು, ಅವೆಲ್ಲ ಸರಿಪಡಿಸಬಹುದಾದವು. ಮೂರ್ಛೆರೋಗವಿದ್ದವರು, ತಲೆಯಲ್ಲಿ ಲೋಹ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಉಪಕರಣಗಳನ್ನು ತಾವಾಗಿಯೇ ಬಳಸಲೇಬಾರದು.

‘ಮೂರನೇ ಅಡ್ಡರಸ್ತೆ’

ಇಬ್ಬರಿಗೂ ಧನ್ಯವಾದಗಳು. ಪಟ್ಟಿ ಕೊಳ್ಳುವ ಯೋಚನೆ ಬಿಟ್ಟು, ತಜ್ಞರ ಭೇಟಿಗೆ ಮುಂದಿನ ವಾರದ ದಿನಾಂಕ ಪಡೆದಿದ್ದೇನೆ. ಇ.ಪಿ. ಅವರ ವಿವರವನ್ನು ತಂದೆಯವರಿಗೆ ಓದಿ ಹೇಳಿದಾಗ ಅವರು ನಕ್ಕು, “ಹಾಗಾದರೆ ನನ್ನನ್ನು ಊರಿಗೇ ಬಿಟ್ಟು ಬಾರಪ್ಪ” ಎಂದರು.