ಓಝೋನ್ ನೀರಿನಿಂದ ಕಚೇರಿ ಒರೆಸುವವರು ಯಾರಾದರೂ ಇದ್ದೀರಾ?

ಕೇಳಿದವರು: ಪತ್ತಿನ ಸಹಕಾರಿ ಸಂಘದ ವ್ಯವಸ್ಥಾಪಕ, ವಿಜಯಪುರ

ನಮ್ಮದು ಹನ್ನೆರಡು ಜನರ ಸಣ್ಣ ಕಚೇರಿ. ನಗದು ಕೌಂಟರ್, ಅದರ ಗಾಜು, ಎಂಟು ಮೇಜು, ಗ್ರಾಹಕರು ಕೂರುವ ಸ್ಟೀಲ್ ಬೆಂಚುಗಳು. ಊರಿನ ಧೂಳಂತೂ ಗೊತ್ತೇ ಇದೆ, ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಕಸ ಹೊಡೆದು ಒರೆಸುವವರನ್ನು ನಾವೆಲ್ಲ ದೊಡ್ಡವ್ವ ಎಂದೇ ಕರೆಯುತ್ತೇವೆ. ಫಿನಾಯಿಲ್‌ನಿಂದ ಅವರ ಬೆರಳ ಸಂದುಗಳು ಬಿರಿದು ಕೆಂಪಾಗಿವೆ. ಕಳೆದ ವಾರ ಒಬ್ಬ ಮಾರಾಟಗಾರರು ಬಂದು ನಲ್ಲಿಗೆ ಜೋಡಿಸುವ ಯಂತ್ರ ತೋರಿಸಿ, "ಇನ್ನು ಫಿನಾಯಿಲ್ ಬೇಡ, ಸೋಪು ಬೇಡ, ಬ್ಲೀಚಿಂಗ್ ಬೇಡ, ಓಝೋನ್ ನೀರೊಂದೇ ಸಾಕು" ಎಂದರು. ಯಂತ್ರದಿಂದ ಬಂದ ನೀರಿಗೆ ಏನೋ ಮಾತ್ರೆ ಹಾಕಿದರು, ನೀರು ಗುಲಾಬಿಯಾಯಿತು. ನಮ್ಮ ಅಧ್ಯಕ್ಷರು ಅಲ್ಲಿಯೇ ಮರುಳಾದರು. ನನಗೆ ಅನುಮಾನ ಹೋಗಿಲ್ಲ. ಬಳಸಿದವರು ದಯವಿಟ್ಟು ಹೇಳಿ.

ನವನಗರ, ಬಾಗಲಕೋಟೆಯಿಂದ

ಸರ್, ನಮ್ಮ ಕಚೇರಿಗೆ ಯಂತ್ರ ಬಂದು ಒಂದೂವರೆ ವರ್ಷವಾಯಿತು. ಅದರಲ್ಲಿ ಮೊದಲ ಆರು ತಿಂಗಳು ನಾವು ಒರೆಸಿದ್ದು ಬರೀ ನೀರಿನಿಂದ. ಅದು ಗೊತ್ತಾಗಿದ್ದೂ ಆಕಸ್ಮಿಕವಾಗಿಯೇ.

ನಮ್ಮ ಹುಡುಗ ಬೆಳಿಗ್ಗೆ ಎಂಟಕ್ಕೆ ನಾಲ್ಕು ಬಾಟಲಿ ತುಂಬಿಸಿ ಸಾಲಾಗಿ ಇಟ್ಟುಬಿಡುತ್ತಿದ್ದ. ಸಂಜೆಯವರೆಗೆ ಅದೇ ನೀರು. ಒಂದು ದಿನ ನಾನೇ ಆಗ ತಾನೇ ತುಂಬಿಸಿದ ಬಾಟಲಿಯ ಬಾಯಿಗೆ ಮೂಗು ಹಿಡಿದೆ. ಹಳೆಯ ಝೆರಾಕ್ಸ್ ಅಂಗಡಿಯೊಳಗೆ ಹೊಕ್ಕಂತೆ, ಸಿಡಿಲು ಬಡಿದ ಮೇಲೆ ಬರುವಂತಹ ಚುರುಕು ವಾಸನೆ. ಊಟ ಮುಗಿಸಿ ಬಂದು ಅದೇ ಬಾಟಲಿಯನ್ನು ಮೂಸಿದರೆ ಏನೂ ಇಲ್ಲ. ಓಝೋನ್ ಎಂದರೆ ಆಮ್ಲಜನಕದ ಮೂರು ಪರಮಾಣುಗಳು ಜೊತೆಯಾಗಿ ನಿಂತದ್ದು, ಆ ಜೊತೆಗಾರಿಕೆ ಬಹಳ ಹೊತ್ತು ಬಾಳುವುದಿಲ್ಲ. 20 ಡಿಗ್ರಿಯ ಶುದ್ಧ ನೀರಿನಲ್ಲಿ ಸುಮಾರು 20 ನಿಮಿಷಕ್ಕೆ ಅರ್ಧ ಕಳೆದುಹೋಗುತ್ತದೆ, 30 ಡಿಗ್ರಿಯಲ್ಲಿ ಸುಮಾರು 12 ನಿಮಿಷಕ್ಕೆ. ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ, ಅದರಲ್ಲಿ ಓಝೋನ್ ಕರಗುವುದೇ ಕಡಿಮೆ. ನೀರು ಕೊಳೆಯಾಗಿದ್ದರೆ ಮೇಜನ್ನು ಮುಟ್ಟುವ ಮೊದಲೇ ಅದರ ಶಕ್ತಿಯೆಲ್ಲ ಆ ಕೊಳೆಗೇ ಖರ್ಚಾಗುತ್ತದೆ.

ಆಮೇಲೆ ಸವಳು ನೀರಿನ ಕಥೆ. ನಮ್ಮದು ನೀರನ್ನೇ ವಿದ್ಯುತ್ತಿನಿಂದ ಒಡೆದು ಓಝೋನ್ ಮಾಡುವ ಬಗೆ. ಬೋರ್‌ವೆಲ್ ನೀರು ಹಾಯಿಸಿದ್ದರಿಂದ ನಾಲ್ಕನೆಯ ತಿಂಗಳಿಗೆ ಒಳಗಿನ ತಗಡುಗಳ ಮೇಲೆ ಚಹಾ ಕಾಸುವ ಪಾತ್ರೆಯ ತಳದಲ್ಲಿ ಕಟ್ಟುವಂತಹ ಬಿಳಿ ಪದರ ಕಟ್ಟಿತ್ತು. ಹಸಿರು ದೀಪ ಮಾತ್ರ ದಿನವೂ ಉರಿಯುತ್ತಿತ್ತು. ಆ ದೀಪ ಹೇಳುವುದು ಕರೆಂಟ್ ಇದೆ ಎಂದಷ್ಟೇ, ಓಝೋನ್ ಇದೆ ಎಂದಲ್ಲ. ಈಗ ಹದಿನೈದು ದಿನಕ್ಕೊಮ್ಮೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಹಾಯಿಸುತ್ತೇವೆ. ಕೊಳ್ಳುವ ಮೊದಲು ನಿಮ್ಮ ನೀರಿನ ಗಡಸುತನ ಎಷ್ಟು, ಯಂತ್ರ ಎಷ್ಟನ್ನು ತಾಳುತ್ತದೆ ಎಂದು ಬರೆದುಕೊಡಲು ಕೇಳಿ. ಬಾಯಿಮಾತು ಬೇಡ.

ಈಗ ಕ್ರಮ ಬದಲಾಗಿದೆ. ಒಂದು ಕೋಣೆಗೆ ಬೇಕಾದಷ್ಟೇ ನೀರು ಹಿಡಿಯುವುದು, ಮೊದಲು ಒಣ ಬಟ್ಟೆಯಿಂದ ಧೂಳು ತೆಗೆಯುವುದು, ಆಮೇಲೆ ಓಝೋನ್ ನೀರಿನಲ್ಲಿ ನೆನೆಸಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಮೇಜನ್ನು ಒಂದು ನಿಮಿಷ ಒದ್ದೆಯಾಗಿಯೇ ಬಿಡುವುದು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ, ಮೇಜಿಗೊಂದು ಮುಖ. ಗಾಜು ಬಹಳ ಚೆನ್ನಾಗಿ ಬರುತ್ತದೆ, ಸೋಪಿನ ಗೆರೆ ಉಳಿಯುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಚೇರಿಯ ಮುಕ್ಕಾಲು ಸ್ವಚ್ಛತೆಗೆ ಕಾರಣ ಆ ಬಟ್ಟೆ. ಆದರೂ ಯಂತ್ರವನ್ನು ಹಿಂದಿರುಗಿಸಿಲ್ಲ, ಏಕೆಂದರೆ ಫಿನಾಯಿಲ್ ವಾಸನೆಗೆ ನನಗೆ ಬರುತ್ತಿದ್ದ ತಲೆನೋವು ನಿಂತಿದೆ.

ರಸಾಯನಶಾಸ್ತ್ರದ ಉಪನ್ಯಾಸಕಿ, ಬೆಳಗಾವಿ

ಆ ಗುಲಾಬಿ ಬಣ್ಣದ ಬಗ್ಗೆ ಒಂದು ಮಾತು. ಅದು ಬಹುತೇಕ ಡಿಪಿಡಿ ಎಂಬ, ನೀರು ಪರೀಕ್ಷಿಸುವ ಮಾತ್ರೆ ಇರಬೇಕು. ಅದು ಓಝೋನ್‌ಗೆ ಮಾತ್ರವಲ್ಲ, ಕ್ಲೋರಿನ್‌ಗೂ ಗುಲಾಬಿಯಾಗುತ್ತದೆ. ನಗರದ ನಲ್ಲಿ ನೀರಿಗೆ ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಹಾಗಾಗಿ ಮೊದಲು ಯಂತ್ರ ಬಂದ್ ಮಾಡಿ, ಅದೇ ನಲ್ಲಿಯ ನೀರಿಗೆ ಮಾತ್ರೆ ಹಾಕಲು ಹೇಳಿ. ಎರಡನೆಯ ಲೋಟ ಯಂತ್ರ ಹಚ್ಚಿ. ಮೂರನೆಯದು ಯಂತ್ರದ ನೀರನ್ನೇ ಅರ್ಧ ಗಂಟೆ ಇಟ್ಟು. ಮೂರನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಮಾರಾಟಗಾರರ ಮಾತು ಎಷ್ಟು ನಿಜ ಎಂದು ಅಧ್ಯಕ್ಷರಿಗೂ ಕಾಣುತ್ತದೆ.

"ಹೊಸ ತಂತ್ರಜ್ಞಾನ" ಎಂದರೆ ನಂಬಬೇಡಿ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಓಝೋನನ್ನು ಗುರುತಿಸಿ, ವಾಸನೆ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟು ಹೆಚ್ಚುಕಡಿಮೆ ಎರಡು ಶತಮಾನವಾಯಿತು. ಫ್ರಾನ್ಸಿನ ನೀಸ್ ನಗರ 1906ರಿಂದಲೇ ಕುಡಿಯುವ ನೀರನ್ನು ಓಝೋನ್‌ನಿಂದ ಶುದ್ಧ ಮಾಡಿತು. ರೋಗಾಣು ಕೊಲ್ಲುವ ಗುಣ ಸುಳ್ಳಲ್ಲ. ಆದರೆ ಕೊಳವೆಯೊಳಗಿನ ನೀರು ಬೇರೆ, ಧೂಳು ಕೂತ ಮೇಜು ಬೇರೆ.

ಉದ್ಯಮಬಾಗ, ಬೆಳಗಾವಿ. ಫೌಂಡ್ರಿಯೊಂದರ ಕಚೇರಿಯಿಂದ

ನಮ್ಮಲ್ಲಿ ಸೋತಿತು. ಎಣ್ಣೆ ಕೈಯಲ್ಲಿ ಮುಟ್ಟಿದ ಬಾಗಿಲು, ಫೈಲು ಇಡುವ ಕಪಾಟಿನ ಹಿಡಿಕೆ, ಯಾವುದರ ಜಿಡ್ಡೂ ಹೋಗಲಿಲ್ಲ. ಓಝೋನ್ ನೀರು ಸೋಪಲ್ಲ. ನಿಮ್ಮ ಕಚೇರಿಯಲ್ಲಿ ಸಂಜೆ ನಾಲ್ಕಕ್ಕೆ ಗಿರ್ಮಿಟ್, ಮಿರ್ಚಿ ಭಜಿ ಬರುತ್ತದೆಯೋ ಇಲ್ಲವೋ? ಬರುವುದಾದರೆ ಸೋಪಿನ ನೀರು ಬೇಕೇ ಬೇಕು.

ಇನ್ನೊಂದು, ಓಝೋನ್‌ಗೂ ರಬ್ಬರಿಗೂ ಆಗಿ ಬರುವುದಿಲ್ಲ, ರಬ್ಬರ್ ಬಿರಿಯುತ್ತದೆ. ನಿಮ್ಮ ನೋಟು ಎಣಿಸುವ ಯಂತ್ರದ ರಬ್ಬರ್ ಉರುಳೆಗಳ ಹತ್ತಿರ ಈ ಬಟ್ಟೆ ಹೋಗದಂತೆ ನೋಡಿಕೊಳ್ಳಿ.

ವಿಜಯಪುರದಿಂದಲೇ ಇನ್ನೊಬ್ಬರು

ಅಣ್ಣಾವರೇ, ಸ್ಪ್ರೇ ಮಾಡಬೇಡಿ. ತುಂತುರು ಹೊಡೆದರೆ ಓಝೋನ್ ಮೇಜಿಗಿಂತ ಗಾಳಿಗೇ ಹೆಚ್ಚು ಹೋಗುತ್ತದೆ. ಕಿಟಕಿ ಮುಚ್ಚಿದ ಎ.ಸಿ. ಕೋಣೆಯಲ್ಲಿ ನಮ್ಮ ಗುಮಾಸ್ತರೊಬ್ಬರಿಗೆ, ಮೊದಲೇ ದಮ್ಮು, ಕೆಮ್ಮು ಹತ್ತಿತು. ಎಂಟು ಗಂಟೆಯ ಕೆಲಸಕ್ಕೆ ಗಾಳಿಯಲ್ಲಿ ಓಝೋನ್ 0.1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.1 ಭಾಗ) ದಾಟಬಾರದು ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ಮಿತಿ. ನೀರನ್ನು ಬಟ್ಟೆಗೆ ಸುರಿದುಕೊಂಡು ಒರೆಸಿದರೆ ಈ ತೊಂದರೆ ಕಡಿಮೆ.

ನಿವೃತ್ತ ನರ್ಸ್, ಜಮಖಂಡಿ

ನನಗೆ ಯಂತ್ರಕ್ಕಿಂತ ದೊಡ್ಡವ್ವನ ಬೆರಳುಗಳದೇ ಚಿಂತೆ. ಅವರು ಫಿನಾಯಿಲ್ ಹಾಕುವುದು ಮುಚ್ಚಳದ ಲೆಕ್ಕದಲ್ಲೋ ಕೈಯಂದಾಜಿನಲ್ಲೋ? ನಾನು ನೋಡಿದ ಕಡೆಯೆಲ್ಲ ಕೈಯಂದಾಜೇ, ವಾಸನೆ ಮೂಗಿಗೆ ಹೊಡೆದರೆ ಮಾತ್ರ ಒರೆಸಿದಂತೆ ಎಂಬ ನಂಬಿಕೆ. ಮೊದಲು ಅಳತೆ, ಕೈಗವಸು, ಕೆಲಸ ಮುಗಿದ ಮೇಲೆ ಕೊಬ್ಬರಿ ಎಣ್ಣೆ. ಬಿರುಕು ಹಾಗೆಯೇ ಉಳಿದರೆ ಚರ್ಮದ ವೈದ್ಯರಿಗೆ ತೋರಿಸಿ. ದಿನವಿಡೀ ಕೈ ಒದ್ದೆಯಿದ್ದರೆ ಬರೀ ನೀರಿಗೂ ಚರ್ಮ ಬಿರಿಯುತ್ತದೆ.

ದಿನದ ಮೇಜು ಕುರ್ಚಿಗೆ ಓಝೋನ್ ನೀರು ಆಗಬಹುದು. ಆದರೆ ಯಾರಾದರೂ ವಾಂತಿ ಮಾಡಿಕೊಂಡರೆ, ರಕ್ತ ಬಿದ್ದರೆ ಅದನ್ನು ನಂಬಬೇಡಿ. ಮೊದಲು ಗಲೀಜು ತೆಗೆದು, ಬ್ಲೀಚಿಂಗ್ ದ್ರಾವಣ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಪಾಯಿಖಾನೆಯ ಸವಳು ಕಲೆಗೆ ಆಸಿಡ್ ಹಾಕುವ ದಿನ ಬ್ಲೀಚಿಂಗ್ ಅತ್ತ ಸುಳಿಯಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ದೊಡ್ಡವ್ವನಿಗೆ ಇದನ್ನು ಬಾಯಿಬಿಟ್ಟು ಹೇಳಿ, ಚೀಟಿ ಅಂಟಿಸಿದರೆ ಸಾಲದು.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ವಂದನೆಗಳು. ಮಾರಾಟಗಾರರನ್ನು ಮತ್ತೆ ಕರೆಸಿ ಮೂರು ಲೋಟದ ಪರೀಕ್ಷೆ ಮಾಡಿದೆವು. ಯಂತ್ರ ಆರಿಸಿದ್ದಾಗಲೂ ತೆಳು ಗುಲಾಬಿ ಬಂತು. ಅವರು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು, ಏನೂ ಹೇಳಲಿಲ್ಲ. ಯಂತ್ರ ಹಚ್ಚಿದ ನೀರು ಬೀಟ್‌ರೂಟ್ ತೊಳೆದ ನೀರಿನಂತಾಯಿತು. ಅರ್ಧ ಗಂಟೆ ಇಟ್ಟದ್ದು ಮತ್ತೆ ತೆಳುವಾಯಿತು. ಅಂದರೆ ಯಂತ್ರ ಕೆಲಸ ಮಾಡುತ್ತದೆ, ಆದರೆ ನೀರಿನಲ್ಲಿ ಓಝೋನ್ ಬಹಳ ಹೊತ್ತು ನಿಲ್ಲುವುದಿಲ್ಲ.

ಅಧ್ಯಕ್ಷರು ಆದರೂ ಕೊಳ್ಳೋಣ ಎಂದರು. ಆಗ ಬಾಗಿಲ ಬಳಿ ನಿಂತಿದ್ದ ದೊಡ್ಡವ್ವ ಕೇಳಿದರು: "ನಲ್ಲಿ ಕೆಳಗಿದೆ, ಕಚೇರಿ ಮೇಲಿದೆ. ಕೋಣೆಗೊಮ್ಮೆ ಇಳಿದು ಹತ್ತಲು ಮೊಣಕಾಲು ಯಾರು ಕೊಡುತ್ತಾರೆ, ಸಾಹೇಬರೇ?" ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೇಲಿನ ಮಹಡಿಯ ಕೈತೊಳೆಯುವ ನಲ್ಲಿಗೆ ಜೋಡಿಸಿ ಒಂದು ತಿಂಗಳು ಬಿಟ್ಟುಹೋದರೆ ನೋಡುತ್ತೇವೆ ಎಂದಿದ್ದೇವೆ. ಪ್ಲಂಬರ್ ಕರೆತರುತ್ತೇನೆ ಎಂದು ಹೋದ ಮಾರಾಟಗಾರರು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಎಂಟು ಮೈಕ್ರೋಫೈಬರ್ ಬಟ್ಟೆ, ಎರಡು ಜೊತೆ ಕೈಗವಸು ತಂದಿದ್ದೇನೆ. ಫಿನಾಯಿಲ್ ಡಬ್ಬಿಗೆ ಅಳತೆಯ ಮುಚ್ಚಳವನ್ನು ದಾರದಲ್ಲಿ ಕಟ್ಟಿದ್ದೇನೆ. ದೊಡ್ಡವ್ವ ಅದನ್ನು ಎರಡು ಸಲ ಬಿಚ್ಚಿಟ್ಟಿದ್ದಾರೆ, ನಾನು ಮೂರನೆಯ ಸಲ ಕಟ್ಟಿದ್ದೇನೆ.